ಕಾಯುತ್ತಿರುವವರ ಹಕ್ಕು

ಮೊಬೈಲಿನ ಪರದೆಯ ಮೇಲೆ ಒಂದು ಪುಟ್ಟ ಚಕ್ರ ಗಿರಗಿರನೆ ತಿರುಗುವುದನ್ನು ನೀವು ದಿನವೂ ನೋಡುತ್ತೀರಿ. ನೀವು ಏನನ್ನೋ ಕೇಳಿದ್ದೀರಿ, ಅದು ಇನ್ನೂ ಬಂದಿಲ್ಲ, ಬರುವ ತನಕ ಚಕ್ರ ತಿರುಗುತ್ತಿದೆ. ಇದರಲ್ಲಿ ನೀತಿ-ಅನೀತಿಯ ಪ್ರಶ್ನೆಯೊಂದು ಅಡಗಿದೆಯೆಂದು ನಾನೂ ಎಣಿಸಿರಲಿಲ್ಲ. ಅನಂತಪುರದಲ್ಲಿ ಒಂದು ದಿನ ಕಳೆದ ಬಳಿಕ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅನಂತಪುರ ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಊರು. ಮಹಾರಾಷ್ಟ್ರದ ಗಡಿ ದೂರವಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಕನ್ನಡ, ಮರಾಠಿ, ನಮ್ಮ ಮನೆಗಳ ದಖ್ಖನಿ ಮೂರೂ ಒಂದೇ ಮಾತಿನಲ್ಲಿ ಬೆರೆತು ಕಿವಿಗೆ ಬೀಳುತ್ತವೆ. ಒಂದು ಉತಾರ ತೆಗೆಸಲೆಂದು ನಾನು ಅಲ್ಲಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂದು ಒಂದು ಸರಕಾರಿ ಸವಲತ್ತಿಗೆ ಅರ್ಜಿ ಹಾಕಲು ಹತ್ತಾರು ಮಂದಿ ಪಾಳಿ ಹಚ್ಚಿದ್ದರು. ನನಗಿಂತ ಮುಂದೆ ಒಬ್ಬ ಮುದುಕಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ. ಅವರ ಪಾಳಿ ಬಂದಾಗ ಬೆಳಗಿನ ಹನ್ನೊಂದು. ಹುಡುಗ ವಿವರಗಳನ್ನೆಲ್ಲ ತುಂಬಿ ಒತ್ತಿದ. ಚಕ್ರ ತಿರುಗತೊಡಗಿತು.

"ಏನಾತೋ ತಮ್ಮಾ?"

"ತಿರಗಾಕತ್ತೇತಿ ಆಯಿ. ಸ್ವಲ್ಪ ತಡೀರಿ."

ಹನ್ನೆರಡಾಯಿತು. ಝುಹರ್‌ಗೆ ಹೋಗಿ ಬಂದೆ. ಚಕ್ರ ತಿರುಗುತ್ತಲೇ ಇತ್ತು. ಮುದುಕಿ ಗೋಡೆಗೆ ಒರಗಿ ಕುಳಿತು ಅದನ್ನೇ ನೋಡುತ್ತಿದ್ದರು. ಯಾರೋ "ಮನೀಗಿ ಹೋಗಿ ನಾಳೆ ಬರ್ರಿ" ಎಂದಾಗ ಅವರು ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ತಿರಗಾಕತ್ತೇತಲ್ಲ. ಗಿರಣಿ ತಿರಗತೈತಿ ಅಂದ್ರ ಹಿಟ್ಟು ಬೀಳತೈತಿ ಅಂದಂಗ."

ನಾಲ್ಕು ಗಂಟೆಗೆ ಹುಡುಗ ಬೇಸತ್ತು ಆ ಪುಟವನ್ನು ಮುಚ್ಚಿ ಹೊಸದಾಗಿ ತೆರೆದ. ಅರ್ಜಿ ಹೋಗಿಯೇ ಇರಲಿಲ್ಲ. ಎಷ್ಟು ಹೊತ್ತಿಗೆ ಕಡಿದುಹೋಗಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಬಹುಶಃ ಮೊದಲ ನಿಮಿಷದಲ್ಲೇ ಇರಬಹುದು. ಮುದುಕಿ ಅಂದು ಕಳೆ ತೆಗೆಯುವ ಕೂಲಿ ಬಿಟ್ಟು ಬಂದಿದ್ದರು. ಅವರು ಜಗಳವಾಡಲಿಲ್ಲ, ಸರಕಾರವನ್ನು ಬಯ್ಯಲೂ ಇಲ್ಲ. ಚೀಲದ ಬಾಯಿ ಕಟ್ಟುತ್ತ, "ಮದಲ ಹೇಳಿದ್ರ ಹೊಲಕ್ಕ ಹೋಗ್ತಿದ್ನೆಲ್ಲೊ ತಮ್ಮಾ" ಎಂದರು, ಅಷ್ಟೇ.

ಗಿರಣಿಯ ಮಾತಿನಲ್ಲಿ ತಪ್ಪೇನಿದೆ? ನಾವು ಹುಟ್ಟಿದಂದಿನಿಂದ ಕಂಡ ಚಕ್ರಗಳೆಲ್ಲ ಕೆಲಸಕ್ಕೆ ಕಟ್ಟಿದ ಚಕ್ರಗಳೇ. ಗಾಡಿಯ ಗಾಲಿ ತಿರುಗಿದರೆ ಗಾಡಿ ಮುಂದೆ ಸಾಗುತ್ತದೆ. ಕಬ್ಬಿನ ಗಾಣ ತಿರುಗಿದರೆ ಹಾಲು ಸುರಿಯುತ್ತದೆ. ತಿರುಗುವುದು ಕೆಲಸದ ಸಾಕ್ಷಿಯೆಂದು ಆ ತಾಯಿ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗಾದರೆ ಆ ಪರದೆಯ ಚಕ್ರ ಯಾವುದರ ಸಾಕ್ಷಿ?

ನನ್ನ ತಂಗಿಯ ಮಗನೊಬ್ಬ ಇಂತಹ ಪುಟಗಳನ್ನು ಬರೆಯುವ ಉದ್ಯೋಗದಲ್ಲಿದ್ದಾನೆ. ಅವನಿಗೆ ಈ ಸಂಗತಿ ಹೇಳಿದೆ. ಅವನು ನಕ್ಕು, "ಮಾಮೂ, ಆ ಚಕ್ರಕ್ಕೆ ಏನೂ ಗೊತ್ತಿರೋದಿಲ್ಲ" ಎಂದ. ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಅದು ತಿಳಿಯದೆ ಮುಂದಿನ ಮಾತು ತಿಳಿಯದು.

ನೀವು ಗುಂಡಿ ಒತ್ತಿದಾಗ ನಿಮ್ಮ ಯಂತ್ರವು ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಅದು ಊರಿನ ಟವರನ್ನು ದಾಟಿ, ನೆಲದಡಿಯ ತಂತಿಗಳಲ್ಲಿ ಹಾದು, ದೂರದ ಯಾವುದೋ ನಗರದಲ್ಲಿರುವ ಸರ್ವರ್ ಎಂಬ ಯಂತ್ರವನ್ನು ಮುಟ್ಟಬೇಕು. ಸರ್ವರ್ ತನ್ನ ಕಡತಗಳನ್ನು ಹುಡುಕಿ ಉತ್ತರವನ್ನು ಅದೇ ದಾರಿಯಲ್ಲಿ ಹಿಂದಕ್ಕೆ ಕಳುಹಿಸಬೇಕು. ಆದರೆ ತಿರುಗುವ ಚಕ್ರ ಮಾತ್ರ ಎಲ್ಲಿಂದಲೂ ಬರುವುದಿಲ್ಲ. ಅದು ನಿಮ್ಮ ಯಂತ್ರದಲ್ಲೇ ಇರುವ ಒಂದು ಸಣ್ಣ ಚಿತ್ರ. ಕೋರಿಕೆ ಹೊರಟಾಗ 'ಚಿತ್ರ ತೋರಿಸು' ಎಂದೂ, ಉತ್ತರ ಬಂದಾಗ 'ಚಿತ್ರ ತೆಗೆ' ಎಂದೂ ಪುಟ ಬರೆದವನು ಆಜ್ಞೆ ಕೊಟ್ಟಿರುತ್ತಾನೆ. ನಡುವೆ ಸರ್ವರ್ ದುಡಿಯುತ್ತಿದೆಯೋ, ಮಲಗಿದೆಯೋ, ದಾರಿಯೇ ಕಡಿದಿದೆಯೋ, ಚಿತ್ರಕ್ಕೆ ಯಾವುದೂ ತಿಳಿಯದು. ನೆಟ್ ಪೂರ್ತಿ ನಿಂತುಹೋದರೂ ಅದು ಅದೇ ಹುರುಪಿನಿಂದ ತಿರುಗುತ್ತದೆ.

ಕೋರಿಕೆಗೆ ಮೂರು ಗತಿಗಳುಂಟು. ಕೇಳಿದ್ದು ಬರಬಹುದು, 'ಆಗುವುದಿಲ್ಲ' ಎಂಬ ಉತ್ತರ ಬರಬಹುದು, ಏನೂ ಬಾರದೆ ಇರಬಹುದು. ಅವಸರದಲ್ಲಿ ಬರೆಯುವವನು ಮೊದಲನೆಯದನ್ನಷ್ಟೇ ಯೋಚಿಸಿ ಬರೆಯುತ್ತಾನೆ. ಉಳಿದೆರಡು ಸಂದರ್ಭಗಳಲ್ಲಿ 'ಚಿತ್ರ ತೆಗೆ' ಎಂಬ ಆಜ್ಞೆಯೇ ಇರುವುದಿಲ್ಲ. ಇಷ್ಟು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ನಿಲ್ಲಿಸಿ 'ಆಗಲಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ತಿಳಿಸು ಎಂದು ಬರೆದಿಡಬೇಕಿತ್ತು. "ಚಕ್ರ ತೋರಿಸೋದು ಒಂದು ಸಾಲಿನ ಕೆಲಸ ಮಾಮೂ. ಯಾವಾಗ ನಿಲ್ಲಿಸಬೇಕು ಅನ್ನೋದನ್ನ ಬರೆಯೋದೇ ಕಷ್ಟದ್ದು. ಅದನ್ನ ಯಾರೂ ಪರೀಕ್ಷೆ ಮಾಡಿ ನೋಡೋದಿಲ್ಲ" ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಇನ್ನೊಂದು ಮಾತು ತೆಗೆದ. ಅವನು ಹಿಂದೆ ಕೆಲಸಕ್ಕಿದ್ದ ಒಂದು ಕಡೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತಿತ್ತಂತೆ. ಹಾಗಿದ್ದೂ ಕೆಲವು ಸೆಕೆಂಡುಗಳ ಕಾಲ ಚಕ್ರ ತಿರುಗಿಸಿ, 'ನಿಮಗಾಗಿ ಅತಿ ಕಡಿಮೆ ದರ ಹುಡುಕುತ್ತಿದ್ದೇವೆ' ಎಂದು ತೋರಿಸಬೇಕೆಂಬ ಆದೇಶ ಮೇಲಿನಿಂದ ಬಂತು. ಅವನು ಬರೆದುಕೊಟ್ಟ. "ಅದು ಸುಳ್ಳು ಹೇಳಿದ ಹಾಗೆ ಆಯಿತಾ ಮಾಮೂ? ನಾನು ಬಾಯಿಂದ ಏನೂ ಹೇಳಲಿಲ್ಲ" ಎಂದು ಕೇಳಿದ.

ನಾನು ಮುಫ್ತಿಯಲ್ಲ. ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಆದರೂ ಹುಡುಗ ಕೇಳಿದ ಪ್ರಶ್ನೆಯನ್ನು ಹಾಗೆಯೇ ಬಿಡಲಾಗಲಿಲ್ಲ. ನೀವೂ ನನ್ನೊಂದಿಗೆ ಸ್ವಲ್ಪ ಯೋಚಿಸಿ ನೋಡಿ.

ಕಾಯುವುದೇ ಕಷ್ಟವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಅದು ನಿಜವೇ? ರಮಝಾನ್‌ನಲ್ಲಿ ನಮ್ಮ ಮನೆಯ ಹತ್ತು-ಹನ್ನೆರಡು ವರ್ಷದ ಮಕ್ಕಳು ಹದಿಮೂರು ತಾಸಿಗಿಂತ ಹೆಚ್ಚು ಕಾಲ ಅನ್ನ-ನೀರಿಲ್ಲದೆ ಇರುತ್ತಾರೆ. ಅಸರ್ ಕಳೆದ ಮೇಲೆ ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಮುಂದೆ ಹೋಗಿ ನಿಲ್ಲುತ್ತಾರೆ, ಗಡಿಯಾರ ನೋಡುತ್ತಾರೆ, ಮತ್ತೆ ಆಟಕ್ಕೆ ಓಡುತ್ತಾರೆ. ಅದೇ ಮಗು ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಲ್ಲಲಾರದೆ ಅಳುತ್ತದೆ. ಮಗ್ರಿಬ್‌ನ ಹೊತ್ತು ನಿಮಿಷಕ್ಕೆ ಸರಿಯಾಗಿ ಗೊತ್ತಿದೆ, ಬಸ್ಸಿನದು ಗೊತ್ತಿಲ್ಲ. ನಮ್ಮ ಮಸೀದಿಗಳ ಗೋಡೆಯಲ್ಲಿ ಐದು ಗಡಿಯಾರಗಳ ಹಲಗೆ ತೂಗುಹಾಕಿರುತ್ತಾರಲ್ಲ, ಅದನ್ನು ಯಾರು ಮೊದಲು ಮಾಡಿದರೋ ಅವರಿಗೆ ಜನರ ಮನಸ್ಸು ತಿಳಿದಿತ್ತು. ಅಝಾನ್ ಆದ ಮೇಲೆ ಜಮಾಅತ್ ಎಷ್ಟು ಹೊತ್ತಿಗೆಂಬುದು ಒಳಗೆ ಕಾಲಿಟ್ಟವನಿಗೆ ಕೇಳದೆಯೇ ತಿಳಿಯುತ್ತದೆ.

ಕಂಪ್ಯೂಟರಿನವರೂ ಇದನ್ನು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ರಾಬರ್ಟ್ ಮಿಲ್ಲರ್ ಎಂಬವರು 1968ರಲ್ಲೇ ಮನುಷ್ಯನು ಯಂತ್ರದ ಮುಂದೆ ಎಷ್ಟು ಹೊತ್ತು ತಾಳಬಲ್ಲನೆಂದು ಬರೆದರು. 1993ರಲ್ಲಿ ಜೇಕಬ್ ನೀಲ್ಸನ್ ಅದನ್ನು ಮೂರು ಅಂಕಿಗಳಲ್ಲಿ ಜನಪ್ರಿಯಗೊಳಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಅದು ಕೂಡಲೇ ಬಂದಂತೆ. ಒಂದು ಸೆಕೆಂಡಿನ ತನಕ ಯೋಚನೆಯ ಎಳೆ ಕಡಿಯದು. ಹತ್ತು ಸೆಕೆಂಡು ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ, ಆಗ ಕೆಲಸ ಎಷ್ಟಾಗಿದೆಯೆಂದು ತೋರಿಸಲೇಬೇಕು. ಬ್ರಾಡ್ ಮೈಯರ್ಸ್ ಎಂಬವರು 1985ರಲ್ಲಿ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ, ಶೇಕಡಾ ಇಷ್ಟು ಮುಗಿಯಿತೆಂದು ತೋರಿಸುವ ಪಟ್ಟಿಯನ್ನು ಬಹುಪಾಲು ಜನ ಇಷ್ಟಪಡುತ್ತಾರೆಂದು ಪ್ರಕಟಿಸಿದರು. 1993ರಲ್ಲಿ ಬಂದ ಮೊಸಾಯಿಕ್ ಎಂಬ ತಂತ್ರಾಂಶದ ಮೂಲೆಯಲ್ಲಿ, ಪುಟ ಬರುವ ತನಕ ಭೂಗೋಳವೊಂದು ತಿರುಗುತ್ತಿತ್ತು. ಇಂದಿನ ಚಕ್ರದ ಹಿರಿಯ ಅದೇ.

ಹಳೆಯ ವಿಂಡೋಸ್ ಯಂತ್ರಗಳಲ್ಲಿ ಮರಳಗಡಿಯಾರದ ಚಿತ್ರವಿತ್ತು. ನನಗೆ ಅದರ ಮೇಲೊಂದು ಆಕ್ಷೇಪವಿದೆ. ನಿಜವಾದ ಮರಳಗಡಿಯಾರದಲ್ಲಿ ಮೇಲಿನ ಮರಳು ನೋಡಿದರೆ ಇನ್ನೆಷ್ಟು ಹೊತ್ತು ಉಳಿದಿದೆಯೆಂದು ತಿಳಿಯುತ್ತದೆ. ಇದು ಗಡಿಯಾರದ ವೇಷ ಹಾಕಿಕೊಂಡು ಕಾಲವನ್ನು ಮಾತ್ರ ಹೇಳುತ್ತಿರಲಿಲ್ಲ. 2007ರ ವಿಸ್ಟಾದಲ್ಲಿ ಅದರ ಬದಲಿಗೆ ಉಂಗುರ ಬಂತು. ಉಂಗುರಕ್ಕೂ ಏನೂ ತಿಳಿಯದು, ಆದರೆ ತಿಳಿದವನಂತೆ ನಟಿಸುವುದಿಲ್ಲ.

ಇಲ್ಲಿಯ ತನಕ ಎಲ್ಲವೂ ಸರಿ. ಮುಂದೆ ದಾರಿ ಕವಲೊಡೆಯುತ್ತದೆ. ಮೇಲೆ ಹೇಳಿದ ಮೈಯರ್ಸ್ ಅವರಿಗೇ ಕಂಡ ಒಂದು ಸಂಗತಿಯೆಂದರೆ, ಪಟ್ಟಿ ತೋರಿಸುವ ಲೆಕ್ಕ ಅಷ್ಟು ನಿಖರವಾಗಿಲ್ಲದಿದ್ದರೂ ಜನರಿಗೆ ಸಮಾಧಾನವಾಗುತ್ತಿತ್ತು. 2010ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಜೊತೆಗಾರರು, ಪಟ್ಟಿಯ ಮೇಲಿನ ಗೆರೆಗಳು ಹಿಂದಕ್ಕೆ ಚಲಿಸುವಂತೆ ಮಾಡಿದರೆ ಕಾಲವು ಶೇಕಡಾ 11ರಷ್ಟು ಕಡಿಮೆಯಾದಂತೆ ಭಾಸವಾಗುತ್ತದೆಂದು ತೋರಿಸಿದರು. 2011ರಲ್ಲಿ ಹಾರ್ವರ್ಡ್‌ನ ರಯಾನ್ ಬ್ಯೂಯೆಲ್ ಮತ್ತು ಮೈಕಲ್ ನಾರ್ಟನ್ ಇನ್ನೂ ವಿಚಿತ್ರವಾದುದನ್ನು ಕಂಡರು. ತಮಗಾಗಿ ಹುಡುಕಾಟ ನಡೆಯುತ್ತಿರುವುದು ಕಣ್ಣಿಗೆ ಕಂಡರೆ, ಥಟ್ಟನೆ ಸಿಕ್ಕ ಉತ್ತರಕ್ಕಿಂತ ಕಾದು ಪಡೆದ ಅದೇ ಉತ್ತರಕ್ಕೆ ಜನ ಹೆಚ್ಚು ಬೆಲೆ ಕೊಡಬಲ್ಲರು. ನನ್ನ ತಂಗಿಯ ಮಗನಿಗೆ ಬಂದ ಆದೇಶದ ಬೇರು ಎಲ್ಲಿದೆಯೆಂದು ಈಗ ನಿಮಗೆ ಅರ್ಥವಾಗಿರಬೇಕು.

ನಿಜವಾದ ದುಡಿಮೆಯನ್ನು ತೋರಿಸುವುದರಲ್ಲಿ ದೋಷವಿಲ್ಲ. ದರ್ಜಿ ನಿಮ್ಮೆದುರೇ ಬಟ್ಟೆ ಹೊಲಿದರೆ ಅದು ಪ್ರದರ್ಶನವಲ್ಲ. ಇಲ್ಲದ ದುಡಿಮೆಯನ್ನು ತೋರಿಸುವುದು ಬೇರೆ. 'ಬಾಯಿಂದ ಹೇಳಲಿಲ್ಲ' ಎಂಬ ಹುಡುಗನ ಮಾತಿಗೆ ನನಗೆ ಅಬೂದಾವೂದ್‌ನಲ್ಲಿ ಉದ್ಧರಿಸಲಾದ ಒಂದು ಘಟನೆ ನೆನಪಾಯಿತು. ಅಬ್ದುಲ್ಲಾ ಬಿನ್ ಆಮಿರ್(ರ) ಎಳೆಯ ಬಾಲಕರಾಗಿದ್ದಾಗ ಅವರ ತಾಯಿ, ಬಾ, ನಿನಗೊಂದು ಕೊಡುತ್ತೇನೆ ಎಂದು ಕರೆದರು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಏನು ಕೊಡಬೇಕೆಂದಿದ್ದೀಯೆಂದು ವಿಚಾರಿಸಿದರು. ಖರ್ಜೂರವೆಂದು ಆಕೆ ಉತ್ತರಿಸಿದಾಗ, ನೀನು ಏನನ್ನೂ ಕೊಡದಿರುತ್ತಿದ್ದರೆ ಅದು ನಿನ್ನ ಲೆಕ್ಕದಲ್ಲಿ ಒಂದು ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂಬರ್ಥದಲ್ಲಿ ಎಚ್ಚರಿಸಿದರು. ಎಷ್ಟು ಸಣ್ಣ ವಿಷಯ! ಮಗುವನ್ನು ಕರೆಯುವ ಮಾತು. ಆದರೆ ಅಲ್ಲಿ ತೂಗಿದ್ದು ಮಾತಿನ ಗಾತ್ರವನ್ನಲ್ಲ, ಮಗುವಿನಲ್ಲಿ ಎಬ್ಬಿಸಿದ ನಿರೀಕ್ಷೆಯನ್ನು. ಮುಷ್ಟಿ ಕಟ್ಟಿ ಕೈಚಾಚಿ ಕರೆದಿದ್ದರೂ ಲೆಕ್ಕ ಅದೇ ಆಗುತ್ತಿತ್ತೆಂದು ನಾನು ತಿಳಿಯುತ್ತೇನೆ. ತಿರುಗುವ ಚಕ್ರವೂ ಒಂದು ಚಾಚಿದ ಕೈ. ಬಾ, ಕೂತಿರು, ಕೊಡುತ್ತೇನೆ ಎನ್ನುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕಾಯುವವನ ಸಂಕಟ ಕಡಿಮೆಯಾದರೆ ಒಂದಿಷ್ಟು ನಟನೆ ಏಕೆ ಕೂಡದು? ಕರುಣೆಯಿಂದ ಮಾಡಿದ ನಟನೆಯನ್ನೂ ಸುಳ್ಳೆನ್ನಬೇಕೇ?

ನಮ್ಮ ಚರಿತ್ರೆಯಲ್ಲಿ ಅಂತಹ ಒಂದು ಪಾತ್ರೆಯಿದೆ. ನಿಮಗೆಲ್ಲ ಗೊತ್ತಿರುವ ಘಟನೆ. ಖಲೀಫಾ ಉಮರ್(ರ) ಒಂದು ರಾತ್ರಿ ಸೇವಕ ಅಸ್ಲಮ್‌ರೊಂದಿಗೆ ಮದೀನಾದ ಹೊರವಲಯದಲ್ಲಿ ಸುತ್ತುತ್ತಿದ್ದಾಗ ದೂರದಲ್ಲಿ ಬೆಂಕಿ ಕಂಡಿತು. ಹತ್ತಿರ ಹೋದರೆ ಒಬ್ಬ ಮಹಿಳೆ, ಒಲೆಯ ಮೇಲೆ ಪಾತ್ರೆ, ಸುತ್ತಲೂ ಅಳುವ ಮಕ್ಕಳು. ಪಾತ್ರೆಯಲ್ಲಿ ಬರೀ ನೀರು. ಕಲ್ಲುಗಳಿದ್ದವೆಂದೂ ಹೇಳುವುದುಂಟು. ಅಡುಗೆ ಆಗುತ್ತಿದೆಯೆಂದು ನಂಬಿಕೊಂಡು ಮಕ್ಕಳು ನಿದ್ದೆಹೋಗಲಿ ಎಂದು ಆ ತಾಯಿ ನೀರು ಕುದಿಸುತ್ತಿದ್ದಳು. ಓದುಗರೇ, ಅನಂತಪುರದ ಚಕ್ರವನ್ನು ನೋಡುತ್ತ ಕುಳಿತಾಗ ನನಗೆ ಈ ಪಾತ್ರೆ ನೆನಪಾಗಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು. ಆ ಪಾತ್ರೆಗೂ ಈ ಚಕ್ರಕ್ಕೂ ಏನು ವ್ಯತ್ಯಾಸ?

ಉಮರ್(ರ) ಆಕೆಯನ್ನು ಸುಳ್ಳುಗಾತಿ ಎನ್ನಲಿಲ್ಲ. ಮಕ್ಕಳಿಗೆ ಏಕೆ ಮೋಸ ಮಾಡುತ್ತೀ ಎಂದು ಉಪದೇಶಿಸಲೂ ಇಲ್ಲ. ಆಕೆಯೇ ತನ್ನ ಮುಂದೆ ನಿಂತವರು ಯಾರೆಂದು ತಿಳಿಯದೆ, ನಮ್ಮ ಮತ್ತು ಉಮರರ ನಡುವೆ ಅಲ್ಲಾಹನು ತೀರ್ಮಾನಿಸಲಿ ಎಂಬರ್ಥದ ಮಾತಾಡಿದಳು. ಅವರು ಕೂಡಲೇ ಉಗ್ರಾಣಕ್ಕೆ ಮರಳಿ, ಹಿಟ್ಟಿನ ಚೀಲವನ್ನು ತನ್ನ ಬೆನ್ನಿಗೇ ಹೇರಿಸಿಕೊಂಡರು. ನಾನು ಹೊರುತ್ತೇನೆಂದ ಅಸ್ಲಮ್‌ರಿಗೆ, ಪುನರುತ್ಥಾನದ ದಿನ ನನ್ನ ಭಾರವನ್ನೂ ನೀನು ಹೊರುವೆಯಾ ಎಂದು ಕೇಳಿದರು. ತಾನೇ ಒಲೆ ಊದಿ, ಅಡುಗೆ ಮಾಡಿಸಿ, ಮಕ್ಕಳು ಉಂಡು ಆಟವಾಡಿ ಮಲಗುವ ತನಕ ಅಲ್ಲಿಯೇ ಇದ್ದರು.

ಈ ಘಟನೆಯನ್ನು ನಾವು ಉಮರರ(ರ) ಸರಳತೆಗೆ ಉದಾಹರಣೆಯಾಗಿ ಹೇಳುತ್ತೇವೆ. ನನಗೆ ಇದರಲ್ಲಿ ಇನ್ನೊಂದು ಅಂಶ ಕಾಣುತ್ತದೆ. ಖಾಲಿ ಪಾತ್ರೆಯ ಹೊಣೆಯನ್ನು ಅವರು ಪಾತ್ರೆ ಕಲಕುವವಳ ಮೇಲೆ ಹೊರಿಸಲಿಲ್ಲ, ಉಗ್ರಾಣದ ಕೀಲಿಯಿದ್ದ ತನ್ನ ಮೇಲೆಯೇ ಹೊತ್ತುಕೊಂಡರು. ಆಕೆಗೆ ಕೊಡಲು ಬೇರೇನೂ ಇರಲಿಲ್ಲ. ನೀರು ಕುದಿಸದಿದ್ದರೆ ಮಕ್ಕಳಿಗೆ ಅನ್ನವೇನೂ ಸಿಗುತ್ತಿರಲಿಲ್ಲ. ಅನಂತಪುರದ ಹುಡುಗನದೂ ಅದೇ ಸ್ಥಿತಿ. 'ತಿರಗಾಕತ್ತೇತಿ' ಎನ್ನುವುದಕ್ಕಿಂತ ಹೆಚ್ಚಿನದು ಅವನಿಗೂ ತಿಳಿದಿರಲಿಲ್ಲ. ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆದರೆ ಮುದುಕಿಯ ಸ್ಥಿತಿ ಆ ಮಕ್ಕಳ ಹಾಗಿರಲಿಲ್ಲ. ಅವರಿಗೆ ಹೋಗಲು ಹೊಲವಿತ್ತು, ಸಿಗಬೇಕಾದ ಕೂಲಿಯಿತ್ತು. ಬೇರೆ ದಾರಿಯಿರುವವನನ್ನು ಖಾಲಿ ಪಾತ್ರೆಯ ಮುಂದೆ ಕೂಡಿಸಿದರೆ ಅದು ಕರುಣೆಯಲ್ಲ, ಅವನ ದಿನವನ್ನು ಕಿತ್ತುಕೊಂಡಂತೆ. ಹಣ ಕಿತ್ತುಕೊಂಡರೆ ಹಿಂದಿರುಗಿಸಬಹುದು. ದಿನವನ್ನು ಯಾರು ಹಿಂದಿರುಗಿಸುತ್ತಾರೆ?

ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದಿಷ್ಟು. ಗೆರೆ ಹಿಂದಕ್ಕೆ ಓಡಲಿ, ಮುಂದಕ್ಕೆ ಓಡಲಿ, ಬಣ್ಣ ಯಾವುದೇ ಇರಲಿ, ಅದು ಅಲಂಕಾರ. ಅದರಲ್ಲಿ ನನಗೆ ಕೆಡುಕು ಕಾಣುವುದಿಲ್ಲ. ಕಾಯುವವನು ಅದನ್ನು ನಂಬಿ ಏನನ್ನು ತೀರ್ಮಾನಿಸುತ್ತಾನೆಂಬುದನ್ನು ನೋಡು. 'ಕಡಿಮೆ ದರ ಹುಡುಕುತ್ತಿದ್ದೇವೆ' ಎಂಬುದನ್ನು ನಂಬಿ ಅವನು ಬೇರೆ ಕಡೆ ವಿಚಾರಿಸದೆ ಹಣ ಕೊಟ್ಟರೆ, ಆ ಚಕ್ರ ಅವನ ಜೇಬಿಗೆ ಕೈ ಹಾಕಿತು. 'ನಡೆಯುತ್ತಿದೆ' ಎಂಬುದನ್ನು ನಂಬಿ ಕೂಲಿ ಬಿಟ್ಟು ಕುಳಿತರೂ ಅಷ್ಟೇ. ನಿನ್ನ ಸಂಬಳದ ಮಾತನ್ನು ಆಲಿಮರಲ್ಲಿ ಕೇಳು, ಆದರೆ ಆ ಕೆಲವು ಸೆಕೆಂಡುಗಳನ್ನು ಮುಂದೆ ಬರೆಯಬೇಡ ಎಂದೆ. ಅವನು ಒಪ್ಪಿದನೆಂದು ಹೇಳಲಾರೆ. "ನಾನು ಬರೆಯದಿದ್ದರೆ ಪಕ್ಕದವನು ಬರೀತಾನೆ ಮಾಮೂ" ಎಂದ. ಈ ಮಾತು ಎಲ್ಲ ಉದ್ಯೋಗಗಳಲ್ಲೂ ಕೇಳಿಬರುತ್ತದೆ.

ಕಾಯುವವನ ಹಕ್ಕನ್ನು ಗುರುತಿಸಿದ ಪ್ರಯತ್ನಗಳು ನಮ್ಮ ರಾಜ್ಯದಲ್ಲೇ ನಡೆದಿವೆ, ಅವನ್ನು ಮರೆಯಬಾರದು. ಹಿಂದೆ ಉತಾರಕ್ಕಾಗಿ ರೈತರು ಗ್ರಾಮ ಲೆಕ್ಕಿಗರ ಮನೆಗೆ ಎಷ್ಟು ಬಾರಿ ನಡೆದರೆಂಬುದನ್ನು ಅವರ ಚಪ್ಪಲಿಗಳೇ ಹೇಳಬೇಕು. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಅದರಲ್ಲಿ ನನಗೆ ಮೆಚ್ಚಿಗೆಯಾದ ಒಂದು ಸಣ್ಣ ಏರ್ಪಾಡಿದೆ. ಸಿಬ್ಬಂದಿಯ ಪರದೆಯಲ್ಲದೆ, ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟರು. ಒಳಗೆ ಏನು ನಡೆಯುತ್ತಿದೆಯೆಂಬುದನ್ನು ಕಿಟಕಿಯ ಹೊರಗೆ ನಿಂತವನೂ ನೋಡಬಹುದಾಗಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ಎತ್ತಿಕೊಳ್ಳಬೇಕೆಂಬ ಕಟ್ಟುಪಾಡೂ ಆ ತಂತ್ರಾಂಶದೊಳಗಿತ್ತು. ಪರಿಚಯದವನನ್ನು ಮುಂದೆ ತಳ್ಳಲು ಅದು ಬಿಡುತ್ತಿರಲಿಲ್ಲ.

2011ರ ಕಾಯ್ದೆಯ ಪ್ರಕಾರ 2012ರ ಏಪ್ರಿಲ್ 2ರಂದು ರಾಜ್ಯವಿಡೀ ಜಾರಿಯಾದ 'ಸಕಾಲ' ಇನ್ನೂ ಮುಂದೆ ಹೋಯಿತು. ಆರಂಭದಲ್ಲಿ 11 ಇಲಾಖೆಗಳ 151 ಸೇವೆಗಳು ಅದರಡಿ ಬಂದವು. ಅರ್ಜಿ ಕೊಟ್ಟವನಿಗೆ 15 ಅಂಕಿಗಳ ಒಂದು ಸಂಖ್ಯೆ, ಇಷ್ಟು ದಿನದೊಳಗೆಂಬ ಗಡುವು. ಆ ಸಂಖ್ಯೆಯಿಂದ ತನ್ನ ಅರ್ಜಿ ಎಲ್ಲಿದೆಯೆಂದು ಅವನು ವಿಚಾರಿಸಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ತನಕ ಪರಿಹಾರ, ಅದೂ ತಡಮಾಡಿದ ಅಧಿಕಾರಿಯಿಂದಲೇ ವಸೂಲಿ. 20 ರೂಪಾಯಿ ಏನು ದೊಡ್ಡದೆಂದು ನೀವು ಕೇಳಬಹುದು. ಕಾಯುವವನ ಒಂದು ದಿನಕ್ಕೆ ಬೆಲೆಯುಂಟೆಂದು ಕಾಯ್ದೆಯ ಪುಸ್ತಕದಲ್ಲಿ ಬರೆದದ್ದೇ ದೊಡ್ಡದು. ಅಥಣಿ ಸೀಮೆಯ ಕಬ್ಬು ಬೆಳೆಗಾರರಿಗೆ ಇಂತಹ ಇನ್ನೊಂದು ಗಡುವು ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಆ ಬಡ್ಡಿ ನಮಗೆ ಧಾರ್ಮಿಕವಾಗಿ ಬೇರೆಯೇ ಪ್ರಶ್ನೆ, ಅದು ಇಲ್ಲಿ ಬೇಡ. ಗಡುವು ಇದೆಯೆಂಬುದು ಮುಖ್ಯ. ಗಡುವಿದ್ದೂ ರೈತರು ಬೀದಿಗಿಳಿಯಬೇಕಾಗಿ ಬಂದದ್ದುಂಟು ಎಂಬುದೂ ಅಷ್ಟೇ ನಿಜ.

2023ರ ಜೂನ್‌ನಲ್ಲಿ ಗೃಹಜ್ಯೋತಿಯ ನೋಂದಣಿ ಆರಂಭವಾದಾಗ ಮೊದಲ ದಿನಗಳಲ್ಲಿ ಜನದಟ್ಟಣೆಗೆ ಸರ್ವರ್ ಕುಸಿದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಮರು ತಿಂಗಳು ಗೃಹಲಕ್ಷ್ಮಿಯ ನೋಂದಣಿ ಆರಂಭಿಸುವಾಗ, ನೀವು ಇಂತಹ ದಿನ, ಇಂತಹ ಹೊತ್ತಿಗೆ, ಇಂತಹ ಕೇಂದ್ರಕ್ಕೆ ಬನ್ನಿ ಎಂದು ಸಂದೇಶ ಕಳುಹಿಸುವ ಏರ್ಪಾಡಾಯಿತು. ಎಲ್ಲ ಕಡೆ ಅದು ಅಂದುಕೊಂಡಂತೆ ನಡೆಯಿತೆಂದು ನಾನು ಹೇಳುವುದಿಲ್ಲ. ಆದರೆ ಹೊತ್ತು ತಿಳಿದರೆ ಹೊಲದ ಕೆಲಸ ತಪ್ಪದು ಎಂಬ ವಿವೇಕ ಅದರಲ್ಲಿತ್ತು.

ಸರಕಾರದ ವಿಷಯ ಸಾಕು. ನಿಮ್ಮ ಮನೆಯ ಚಕ್ರದ ಬಗ್ಗೆ ಕೇಳಲೇ?

ಈದ್‌ಗೆ ಮುಂಚೆ ದರ್ಜಿಯ ಅಂಗಡಿಗೆ ಹೋದವರಿಗೆ ಗೊತ್ತು. "ಆಯ್ತು ಭಾಯಿ, ಕಾಜಾ ಒಂದೇ ಬಾಕಿ" ಎನ್ನುತ್ತಾರೆ. ಬಟ್ಟೆ ಇನ್ನೂ ಕತ್ತರಿಗೇ ಬಂದಿರುವುದಿಲ್ಲ. ಪರದೆಯ ಪಟ್ಟಿ ಶೇಕಡಾ 99ಕ್ಕೆ ಬಂದು ನಿಲ್ಲುವುದು ಇದೇ ರೀತಿ. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ನಾವು 'ಇನ್ ಶಾ ಅಲ್ಲಾಹ್' ಎನ್ನುತ್ತೇವೆ. ನಾಳೆ ಮಾಡುತ್ತೇನೆನ್ನುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿಯೇ ಹೇಳಬೇಕೆಂದು ಪವಿತ್ರ ಕುರ್‌ಆನ್ ಸೂರಃ ಅಲ್‌ಕಹ್ಫ್‌ನಲ್ಲಿ ಕಲಿಸಿದೆ. ಮಾಡುವ ಸಂಕಲ್ಪವುಳ್ಳವನ ವಿನಯದ ಮಾತು ಅದು. ನಾವು ಅದನ್ನು ಮಾಡುವ ಮನಸ್ಸಿಲ್ಲದವನ ತಿರುಗುವ ಚಕ್ರವನ್ನಾಗಿ ಮಾಡಿದ್ದೇವೆ. ಆ ಪುಣ್ಯವಾಕ್ಯ ಕೇಳಿದೊಡನೆ ಸಾಲಗಾರನ ಮುಖ ಇಳಿದುಹೋಗುವುದನ್ನು ನಾನು ನೋಡಿದ್ದೇನೆ. ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಬೇಕೇ?

ಹೆಣ್ಣು ನೋಡಿ ಹೋದವರ ವಿಷಯ ಇನ್ನೂ ನೋವಿನದು. ಬಂದರು, ಚಹಾ ಕುಡಿದರು, ಹುಡುಗಿಯನ್ನು ನೋಡಿದರು, ಮನೆಯಲ್ಲಿ ಮಾತಾಡಿ ಹೇಳುತ್ತೇವೆಂದು ಹೊರಟರು. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು. ಮಧ್ಯದವರನ್ನು ಕೇಳಿದರೆ "ಮಾತಾಡ್ತಾ ಇದ್ದಾರೆ" ಎಂಬ ಉತ್ತರ. ಆ ಕಡೆ ಬೇರೆ ಮನೆಗಳನ್ನು ನೋಡುತ್ತಿರುತ್ತಾರೆ. ಇವರನ್ನು ಕೈಯಲ್ಲಿ ಇಟ್ಟುಕೊಂಡಿದ್ದಾರೆ, ಅಷ್ಟೇ. ಇಲ್ಲಿ ಹುಡುಗಿಯ ತಂದೆ ಬೇರೆ ಸಂಬಂಧ ಬಂದರೂ ಮಾತು ಮುಂದುವರಿಸುವುದಿಲ್ಲ. ಒಬ್ಬರು ಕೇಳಿರುವಾಗ ಇನ್ನೊಬ್ಬರಿಗೆ ಮಾತು ಕೊಡುವುದು ಮರ್ಯಾದೆಯಲ್ಲವೆಂದು ಕಾಯುತ್ತಾನೆ. ಹುಡುಗಿ ಏನೂ ಕೇಳುವುದಿಲ್ಲ. ಫೋನು ಬಾರಿಸಿದಾಗ ಅವಳ ತಾಯಿ ಅಡುಗೆಮನೆಯಿಂದ ಬರುವ ವೇಗವನ್ನು ನೋಡಿದರೆ ಸಾಕು. 'ನಮಗೆ ಕೂಡಿಬರುವುದಿಲ್ಲ, ಕ್ಷಮಿಸಿ' ಎಂದು ಎರಡನೆಯ ದಿನವೇ ಹೇಳಿದ್ದರೆ ಒಂದು ರಾತ್ರಿಯ ದುಃಖದಲ್ಲಿ ಮುಗಿಯುತ್ತಿತ್ತು. ಇಲ್ಲವೆನ್ನಲು ಸಂಕೋಚವಾಯಿತೆಂದು ಅವರು ಆಮೇಲೆ ಹೇಳುತ್ತಾರೆ. ಅವರ ಸಂಕೋಚದ ಬೆಲೆಯನ್ನು ಯಾರು ತೆತ್ತರು?

ಚಕ್ರ ತೋರಿಸಲೇಬಾರದೆಂದು ನಾನು ವಾದಿಸುತ್ತಿಲ್ಲ. ಏನೂ ತೋರಿಸದ ಬಿಳಿ ಪರದೆ ಇನ್ನೂ ಕ್ರೂರ. ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತವನ ಮುಂದೆ ನರ್ಸಮ್ಮ ಒಂದು ಬಾರಿ ಹೊರಬಂದು, ಇನ್ನೂ ನಡೆಯುತ್ತಿದೆ, ಇನ್ನೊಂದು ತಾಸು ಬೇಕು ಎಂದರೆ ಅವನು ಎದ್ದು ಮುಖ ತೊಳೆದು ಬರುತ್ತಾನೆ. ಅಷ್ಟು ಸಾಕು. ಆದರೆ ಆಕೆ ಒಳಗೆ ನೋಡಿಯೇ ಬಂದು ಹೇಳಬೇಕು.

ಅನಂತಪುರದ ಆ ಅಂಗಡಿಗೆ ಎರಡು ವಾರದ ಬಳಿಕ ಮತ್ತೆ ಹೋಗಿದ್ದೆ. ಹುಡುಗ ಒಂದು ಎರಡುನೂರು ಪುಟದ ನೋಟುಬುಕ್ ಇಟ್ಟಿದ್ದ. ಬಂದವರ ಹೆಸರು, ಫೋನ್ ನಂಬರು ಬರೆದುಕೊಂಡು, ಹತ್ತು ನಿಮಿಷ ನೋಡಿ ಆಗದಿದ್ದರೆ ಕಳುಹಿಸಿಬಿಡುತ್ತಿದ್ದ. ಬೆಳಿಗ್ಗೆ ಆರಕ್ಕೆ ಅಂಗಡಿ ತೆರೆಯುತ್ತಾನಂತೆ. "ಆಗ ನೆಟ್ ಹಗರ ಇರ್ತೈತ್ರಿ ಚಾಚಾ" ಎಂದ. ಪರದೆಯನ್ನೂ ಮೇಜಿನ ಮೇಲೆ ಅಡ್ಡ ತಿರುಗಿಸಿ, ಕಟ್ಟೆಯ ಮೇಲೆ ಕುಳಿತವರಿಗೂ ಕಾಣುವಂತೆ ಇಟ್ಟಿದ್ದ. ಮುದುಕಿಯ ಅರ್ಜಿ ಏನಾಯಿತೆಂದು ಕೇಳಿದೆ. ನೋಟುಬುಕ್ಕಿನ ಪುಟ ತಿರುವಿ, ಹೆಸರಿನ ಮುಂದೆ ಹಾಕಿದ ಗುರುತು ತೋರಿಸಿದ. ಫಜ್ರ್ ಮುಗಿಸಿ ಅವನು ಅಂಗಡಿಗೆ ಬರುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರಂತೆ. ಏಳಕ್ಕೆಲ್ಲ ಮುಗಿಸಿಕೊಂಡು, ಬುತ್ತಿ ಹಿಡಿದು ಹೊಲಕ್ಕೆ ಹೋದರಂತೆ.